ಬರೆದ ಟಿಪ್ಪಣಿ ತಾನಾಗೇ ಆಡಿಯೊ ಆಗಬೇಕಂದ್ರೆ

ರೋಣದ ಅಣ್ಣಾರೆ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ನೋಡಿದೆ. ಫೋನಿನಲ್ಲಿ ಇಷ್ಟುದ್ದ ಬರೆಯೋಕೆ ಆಗಲಿಲ್ಲ, ಇವತ್ತು ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು: ದಿನಾ ಸಂಜೆ ಕಡಲೆ, ಜೋಳದ ಬಗ್ಗೆ ಒಂದು ಟಿಪ್ಪಣಿ ಬರೆದು ಊರಿನ ರೈತರಿಗೆ ಕಳಿಸುತ್ತೀರಿ. ಹಿರಿಯರು ಓದೋದಿಲ್ಲ, "ಬಾಯಿಲೆ ಹೇಳಿ ಕಳಸು ತಮ್ಮಾ" ಅಂತಾರೆ. ದಿನಾ ಕೂತು ರೆಕಾರ್ಡ್ ಮಾಡೋಕೆ ಪುರುಸೊತ್ತಿಲ್ಲ, ಕೋಡಿಂಗ್ ಬರೋದಿಲ್ಲ. ಬರೆದದ್ದು ತಾನಾಗೇ ಆಡಿಯೊ ಆಗುತ್ತಾ ಅಂತ.

ಆಗುತ್ತದೆ. ನಾನೂ ಕೋಡಿಂಗ್ ಕಲಿತಿಲ್ಲ. ಗದಗಿನಲ್ಲಿ ಡಿಟಿಪಿ ಅಂಗಡಿ, ಮುಳಗುಂದದ ಕಡೆ ನಾಲ್ಕು ಎಕರೆ ಎರಿ ಹೊಲ. ಅಪ್ಪನ ಸಲುವಾಗಿ ಇದನ್ನು ಮಾಡಿಕೊಂಡೆ. ಅವರು ಧಾರವಾಡ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಕೇಳಿಕೊಂಡೇ ಬೇಸಾಯ ಮಾಡಿದವರು, ಈಗ ಕಣ್ಣಿಗೆ ಪೊರೆ ಬಂದಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೋಡಣೆ ಒಂದು ಭಾನುವಾರದ ಕೆಲಸ. ಟಿಪ್ಪಣಿಯನ್ನು ಕಿವಿಗೆ ತಕ್ಕಂಗ ಬರೆಯೋದು ಕಲಿಯೋಕೆ ನನಗೆ ಎರಡು ತಿಂಗಳು ಹಿಡಿಯಿತು.

ದಾರಿ ಹೀಗಿದೆ. ಗೂಗಲ್ ಶೀಟಿನಲ್ಲಿ ಟಿಪ್ಪಣಿ ಬರೆಯುತ್ತೀರಿ. ನಡುವೆ ಒಂದು ಜೋಡಣೆ ಸಾಧನ ಅದನ್ನು ಎತ್ತಿಕೊಂಡು ಓದುವ ಸೇವೆಗೆ ಕೊಡುತ್ತದೆ. ಅಲ್ಲಿಂದ ಬಂದ ಎಂಪಿ3 ನಿಮ್ಮ ಟೆಲಿಗ್ರಾಂಗೆ ಬರುತ್ತದೆ. ನಡುವಿನ ಸಾಧನಕ್ಕೆ ಮೇಕ್, ಜೇಪಿಯರ್, ಎನ್‌ಏಟ್‌ಎನ್ ಅಂತ ಹೆಸರುಗಳಿವೆ. ಎನ್‌ಏಟ್‌ಎನ್ ಅನ್ನು ನಮ್ಮದೇ ಕಂಪ್ಯೂಟರಿನಲ್ಲಿ ಪುಕ್ಕಟೆ ನಡೆಸಬಹುದು, ಆದರೆ ಆ ಕಂಪ್ಯೂಟರ್ ಸದಾ ಚಾಲೂ ಇರಬೇಕು. ನಮ್ಮ ಕರೆಂಟಿನ ಕಥೆ ನಿಮಗೇ ಗೊತ್ತು. ಮೇಕ್‌ನಿಂದ ಶುರು ಮಾಡಿ. ಪರದೆ ಮೇಲೆ ದುಂಡನೆಯ ಗುಂಡಿಗಳನ್ನು ಇಟ್ಟು ಗೆರೆ ಎಳೆದರೆ ಸಾಕು.

ಮೇಕ್‌ನ ಪುಕ್ಕಟೆ ಖಾತೆಯಲ್ಲಿ ತಿಂಗಳಿಗೆ 1,000 ಕ್ರಿಯೆಗಳ ಮಿತಿ ಇದೆ (ಒಂದು ಹೆಜ್ಜೆ ಓಡಿದರೆ ಒಂದು ಕ್ರಿಯೆ, ಈಗ ಮೇಕ್ ಅದನ್ನು ಕ್ರೆಡಿಟ್ ಅನ್ನುತ್ತದೆ). ಒಂದು ಟಿಪ್ಪಣಿಗೆ ಐದು ಹೆಜ್ಜೆ ಅಂದ್ರೂ ಮೂವತ್ತು ದಿನಕ್ಕೆ 150, ಬೇಕಾದಷ್ಟಾಯಿತು ಅಂದುಕೊಂಡಿದ್ದೆ. ಹನ್ನೊಂದನೇ ದಿನ ಎಲ್ಲ ನಿಂತುಹೋಯಿತು. ತಪ್ಪು ನನ್ನದೇ. 15 ನಿಮಿಷಕ್ಕೊಮ್ಮೆ ಶೀಟ್ ನೋಡು ಅಂತ ಹೇಳಿಟ್ಟಿದ್ದೆ. ಹೊಸದೇನೂ ಇರದಿದ್ದರೂ ಪ್ರತಿ ಸಲ ಇಣುಕಿದ್ದಕ್ಕೆ ಒಂದು ಕ್ರಿಯೆ ಲೆಕ್ಕ. ದಿನಕ್ಕೆ 96 ಸಲ ಇಣುಕಿದರೆ ಹತ್ತು ದಿನಕ್ಕೇ 960. ದಿನಕ್ಕೆ ಒಂದೇ ಸಲ, ಸಂಜೆ ಏಳಕ್ಕೆ ಓಡುವಂತೆ ಇಡಿ. ಅಷ್ಟೊತ್ತಿಗೆ ನೀವು ಹೇಗೂ ಬರೆದು ಮುಗಿಸಿರುತ್ತೀರಿ.

ಶೀಟಿನಲ್ಲಿ ನಾಲ್ಕು ಕಾಲಂ ಸಾಕು: ದಿನಾಂಕ, ಟಿಪ್ಪಣಿ, ಓದುವ ಪಠ್ಯ, ಸ್ಥಿತಿ. ಸ್ಥಿತಿ ಕಾಲಂನಲ್ಲಿ "ಸಿದ್ಧ" ಅಂತ ಬರೆದ ಸಾಲನ್ನು ಮಾತ್ರ ಎತ್ತಿಕೊಳ್ಳಬೇಕು. ಆಡಿಯೊ ಆದಮೇಲೆ ಅದೇ ಜಾಗದಲ್ಲಿ "ಮುಗೀತು" ಅಂತ ಮೇಕ್ ತಾನೇ ಬರೆಯಬೇಕು. ಇದನ್ನು ಬಿಟ್ಟರೆ ಹಳೇ ಟಿಪ್ಪಣಿಯೇ ದಿನಾ ಮತ್ತೆ ಬರುತ್ತದೆ. ನಮ್ಮ ದೊಡ್ಡಪ್ಪನಿಗೆ ಒಂದೇ ಆಡಿಯೊ ನಾಲ್ಕು ದಿನ ಹೋಗಿತ್ತು. "ನಾಲ್ಕು ಸಲ ಎಣ್ಣಿ ಹೊಡಿಬೇಕೇನೋ?" ಅಂತ ಫೋನ್ ಮಾಡಿದ್ದರು (ಎಣ್ಣಿ ಅಂದ್ರೆ ಕೀಟನಾಶಕ). ಪುಣ್ಯಕ್ಕೆ ಕೇಳಿದರು.

ಇನ್ನು ದನಿ. ಗೂಗಲ್ ಕ್ಲೌಡ್, ಮೈಕ್ರೋಸಾಫ್ಟ್ ಅಜೂರ್ ಎರಡರಲ್ಲೂ ಕನ್ನಡ ಇದೆ. ಅಜೂರ್‌ನಲ್ಲಿ ಸಪ್ನಾ, ಗಗನ್ ಅಂತ ಎರಡು ದನಿಗಳು. ಪುಕ್ಕಟೆ ಹಂತದಲ್ಲಿ ತಿಂಗಳಿಗೆ 5 ಲಕ್ಷ ಅಕ್ಷರ. ಖಾತೆ ತೆರೆಯುವಾಗ ಕಾರ್ಡ್ ಕೇಳುತ್ತದೆ, ಗಾಬರಿ ಬೇಡ, ಪುಕ್ಕಟೆ ಹಂತವನ್ನೇ ಆರಿಸಿದಿರಾ ಅಂತ ಎರಡು ಸಲ ನೋಡಿಕೊಳ್ಳಿ. ಗೂಗಲ್‌ದು ಆಡಿಯೊವನ್ನು ಬೇಸ್64 ಅನ್ನೋ ಅಕ್ಷರಗಳ ಸರಪಳಿಯಾಗಿ ಕೊಡುತ್ತದೆ. ಅದನ್ನು ಬಿಡಿಸಿ ಫೈಲ್ ಮಾಡೋಕೆ ಇನ್ನೊಂದು ಹೆಜ್ಜೆ ಬೇಕು. ಅಜೂರ್ ನೇರವಾಗಿ ಎಂಪಿ3ಯನ್ನೇ ಕೊಡುತ್ತದೆ. ಹಾಗಾಗಿ ಹೊಸಬರಿಗೆ ನಾನು ಅದನ್ನೇ ಹೇಳೋದು. ಮೇಕ್‌ನ ಎಚ್‌ಟಿಟಿಪಿ ಗುಂಡಿಯಲ್ಲಿ (ಬೇರೆ ಸೇವೆಯನ್ನು ಕರೆಯೋದು ಅದೇ) ಅಜೂರ್ ಕೊಟ್ಟ ನಿಮ್ಮ ಕೀ, ಅಂದ್ರೆ ಪಾಸ್‌ವರ್ಡ್‌ನಂಥ ಗುಟ್ಟಿನ ಸಂಕೇತ, ಹಾಕಬೇಕು. ಕೀ ಯಾವ ಪ್ರದೇಶದ್ದೋ ವಿಳಾಸದಲ್ಲೂ ಅದೇ ಪ್ರದೇಶ ಇರಬೇಕು, ಇಲ್ಲದಿದ್ದರೆ 401 ಅನ್ನೋ ತಪ್ಪು ಸಂದೇಶ ಬಂದು ಬೈಸಿಕೊಳ್ಳುತ್ತೀರಿ. ಆಡಿಯೊ ಗುಣಮಟ್ಟಕ್ಕೆ 16 ಕಿಲೋಹರ್ಟ್ಸ್, 32 ಕಿಲೋಬಿಟ್ ಸಾಕು. ನಿಮಿಷಕ್ಕೆ ಸುಮಾರು 240 ಕೆಬಿ ಆಗುತ್ತದೆ, ಹೊಲದಲ್ಲಿ ಸಿಗ್ನಲ್ ಕಮ್ಮಿ ಇದ್ದರೂ ಇಳಿಯುತ್ತದೆ.

ಉದ್ದದ ಬಗ್ಗೆ ಒಂದು ಸೂಕ್ಷ್ಮ. "ಮೆಣಸಿನಕಾಯಿ" ನಮ್ಮ ಲೆಕ್ಕದಲ್ಲಿ ಆರು ಅಕ್ಷರ. ಕೊಂಬು, ಗುಡಿಸು ಎಲ್ಲ ಬಿಡಿಬಿಡಿಯಾಗಿ ಎಣಿಸುವ ಕಂಪ್ಯೂಟರಿಗೆ ಹತ್ತು. ಕಂಪ್ಯೂಟರ್ ಜಾಗ ಅಳೆಯುವ ಬೈಟ್ ಲೆಕ್ಕದಲ್ಲಿ, ಒಂದಕ್ಕೆ ಮೂರರಂತೆ, ಮೂವತ್ತು. ಗೂಗಲ್‌ನಲ್ಲಿ ಒಂದು ಸಲಕ್ಕೆ 5,000 ಬೈಟ್ ಮಿತಿ, ಅಂದ್ರೆ ಕನ್ನಡದಲ್ಲಿ ಸುಮಾರು 200 ಪದ. ಇಂಗ್ಲಿಷಿನವರ ವಿಡಿಯೊ ನೋಡಿ "ಐದು ಸಾವಿರ ಅಕ್ಷರ ಹೋಗುತ್ತೆ" ಅಂತ ನಂಬಿದರೆ ನಮ್ಮ ಟಿಪ್ಪಣಿ ಮಿತಿ ದಾಟಿ ವಾಪಸ್ ಬರುತ್ತದೆ.

ಈಗ ನಿಜವಾದ ಕೆಲಸಕ್ಕೆ ಬರೋಣ. ನನ್ನ ಮೊದಲ ಟಿಪ್ಪಣಿಯ ಒಂದು ಸಾಲು ಹೀಗಿತ್ತು: "ಬಿತ್ತುವಾಗ 10:26:26 ಎಕರೆಗೆ 1 ಚೀಲ. ಕಾಯಿಕೊರಕಕ್ಕೆ ಶೇ. 5ರ ಬೇವಿನ ಬೀಜದ ಕಷಾಯ." ಯಂತ್ರ ಗೊಬ್ಬರವನ್ನು "ಹತ್ತು ಗಂಟೆ ಇಪ್ಪತ್ತಾರು ನಿಮಿಷ ಇಪ್ಪತ್ತಾರು ಸೆಕೆಂಡು" ಅಂತ ಓದಿತು. ಆಮೇಲೆ "ಶೇ" ಅಂತ ನಿಂತು, ಉಸಿರು ತಗೊಂಡು, "ಐದರ" ಅಂತ ಮುಂದೆ ಹೋಯಿತು. ಅಪ್ಪ ಬಹಳ ಗಂಭೀರವಾಗಿ ಕೇಳಿದರು, "ಇದು ಮುಂಜಾನೆ ಹತ್ತೋ, ರಾತ್ರಿ ಹತ್ತೋ?"

ನಗು ಬಂದರೂ ಇದು ನಗುವ ವಿಷಯ ಅಲ್ಲ. "ಲೀಟರಿಗೆ 2-3 ಮಿ.ಲೀ." ಅಂತ ಬರೆದದ್ದು ಇಪ್ಪತ್ಮೂರು ಅಂತ ಕೇಳಿಸಿದರೆ ಬೆಳೆ ಸುಟ್ಟುಹೋಗುತ್ತದೆ. ಅದಕ್ಕೇ ಮೂರನೇ ಕಾಲಂ ಇಟ್ಟಿದ್ದು. ಟಿಪ್ಪಣಿ ಕಾಲಂನಲ್ಲಿ ನಿಮಗೆ ರೂಢಿ ಇದ್ದಂತೆ ಬರೆಯಿರಿ. ಓದುವ ಪಠ್ಯದ ಕಾಲಂನಲ್ಲಿ ಸಬ್‌ಸ್ಟಿಟ್ಯೂಟ್ ಸೂತ್ರ ಹಾಕಿ. "ಮಿ.ಲೀ." ಇದ್ದಲ್ಲಿ "ಮಿಲಿಲೀಟರ್", "ಕ್ವಿಂ." ಇದ್ದಲ್ಲಿ "ಕ್ವಿಂಟಲ್", "ರೂ." ಇದ್ದಲ್ಲಿ "ರೂಪಾಯಿ", "10:26:26" ಇದ್ದಲ್ಲಿ "ಹತ್ತು ಇಪ್ಪತ್ತಾರು ಇಪ್ಪತ್ತಾರು ಗೊಬ್ಬರ" ಅಂತ ತಾನೇ ಬದಲಾಗುತ್ತದೆ. ಒಂದರೊಳಗೊಂದು ಪೋಣಿಸುತ್ತ ಹೋಗಬೇಕು. ನನ್ನ ಸೂತ್ರ ಈಗ ಮೂವತ್ತು ಬದಲಾವಣೆಯಷ್ಟು ಉದ್ದ ಆಗಿದೆ, ನೋಡೋಕೆ ಎಮ್ಮೆ ಹಗ್ಗ ಗಂಟು ಬಿದ್ದಂಗಿದೆ, ಕೆಲಸ ಮಾತ್ರ ಮಾಡುತ್ತದೆ. ಪ್ರಮಾಣಗಳನ್ನು ಸೂತ್ರಕ್ಕೂ ಬಿಡಬೇಡಿ, ಕೈಯಾರೆ ಅಕ್ಷರದಲ್ಲೇ ಬರೆಯಿರಿ: "ಎರಡರಿಂದ ಮೂರು", "ಎರಡೂವರೆ".

ಇಂಗ್ಲಿಷ್ ಲಿಪಿಯಲ್ಲಿ ಏನೂ ಬಿಡಬೇಡಿ. ಡಿಎಪಿ, ಪಿಎಚ್, ಎಲ್ಲ ಕನ್ನಡದಲ್ಲೇ ಬರೆದರೆ ದನಿ ಒಂದೇ ಸಮ ಹೋಗುತ್ತದೆ. ಎರಡು ಹೆಸರಿನ ನಡುವೆ "ಮತ್ತು" ಬದಲು ಗಂಟಿನಂಥ ಆಂಪರ್‌ಸ್ಯಾಂಡ್ ಗುರುತು ಹಾಕಿದರೆ ಅಜೂರ್‌ಗೆ ಕೊಡುವ ಇಡೀ ಪಠ್ಯವೇ ಕೆಡುತ್ತದೆ. ಅದು ಅಲ್ಲಿ ಸಂಕೇತದ ಗುರುತು.

ಹಳೇ ಟಿಪ್ಪಣಿಗಳು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿವೆ ಅಂದಿರಿ. ಹುಷಾರು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಕ್ಕೆ ಟೋಪಿ ಹಾಕಿದ್ದು. ಶೀಟಿಗೆ ಅಂಟಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ನೋಡಿಕೊಳ್ಳಿ. ನಮ್ಮ ಅಂಗಡಿಗೆ ಬರುವ ಅರ್ಧ ತಂಟೆ ಇದೇ.

ದನಿ ಸ್ವಲ್ಪ ಬೆಂಗಳೂರು ಕಡೆಯದು, ಒಪ್ಪಿಕೊಳ್ಳಬೇಕು. ಆದರೆ ಪದ ನಮ್ಮವು ಹಾಕಿದರೆ ಚಲೋ ಕೇಳಿಸುತ್ತದೆ. ನಾನು "ಈರುಳ್ಳಿ" ಬಿಟ್ಟು "ಉಳ್ಳಾಗಡ್ಡಿ" ಬರೆದ ದಿನದಿಂದ ಅಪ್ಪ "ಈ ಹುಡುಗಿ ನಮ್ಮ ಕಡೆಯಾಕಿನ ಇರಬೇಕು" ಅಂತಾರೆ. ವೇಗ ಹತ್ತು ಪರ್ಸೆಂಟ್ ಕಮ್ಮಿ ಮಾಡಿ, ಎರಡು ವಿಷಯಗಳ ನಡುವೆ ಅರ್ಧ ಸೆಕೆಂಡ್ ಬಿಡುವು ಕೊಡಿ. ಪಠ್ಯದೊಳಗೆ ಹಾಕುವ ಪ್ರೊಸೊಡಿ (ವೇಗಕ್ಕೆ), ಬ್ರೇಕ್ (ಬಿಡುವಿಗೆ) ಅನ್ನೋ ಎರಡು ಟ್ಯಾಗ್ ಅದಕ್ಕಂತಲೇ ಇವೆ. ಬೇರೆ ಟ್ಯಾಗ್‌ಗಳ ಗೊಡವೆ ಈಗ ಬೇಡ.

ಕಳಿಸೋದು ಕೊನೆ ಹೆಜ್ಜೆ. ಟೆಲಿಗ್ರಾಂನಲ್ಲಿ ಬಾಟ್ (ತಾನಾಗೇ ಸಂದೇಶ ಕಳಿಸುವ ಖಾತೆ) ಮಾಡಿಕೊಡುವ ಬಾಟ್‌ಫಾದರ್‌ಗೆ ಸಂದೇಶ ಹಾಕಿದರೆ ಎರಡು ನಿಮಿಷದಲ್ಲಿ ನಿಮ್ಮದೊಂದು ಬಾಟ್ ಸಿಗುತ್ತದೆ. ಬಾಟ್‌ಫಾದರ್ ಕೊಡುವ ಟೋಕನ್ (ಬಾಟ್‌ನ ಕೀ) ಯಾರಿಗೂ ತೋರಿಸಬೇಡಿ, ಸ್ಕ್ರೀನ್‌ಶಾಟ್‌ನಲ್ಲೂ. ಆಡಿಯೊ ಮೊದಲು ನಿಮಗೊಬ್ಬರಿಗೇ ಬರುವಂತೆ ಇಡಿ. ಪೂರ್ತಿ ತಾನಾಗೇ ಊರಿಗೆಲ್ಲ ಹೋಗಲಿ ಅನ್ನೋ ಆಸೆ ನನಗೂ ಇತ್ತು, ಬಿಟ್ಟೆ. ಎಣ್ಣೆ, ಗೊಬ್ಬರದ ಮಾತು ಇದ್ದ ದಿನ ಎರಡು ನಿಮಿಷ ಕೇಳಿಯೇ ಮುಂದೆ ಕಳಿಸುತ್ತೇನೆ. ವಾಟ್ಸ್ಆಪ್ ಗುಂಪಿಗೆ ಕೈಯಿಂದಲೇ ಫಾರ್ವರ್ಡ್ ಮಾಡಿ. ತಾನಾಗೇ ಕಳಿಸಿಕೊಡುತ್ತೇವೆ ಅನ್ನೋ ಕಳ್ಳದಾರಿ ಆ್ಯಪ್‌ಗಳು ಸಿಗುತ್ತವೆ, ಅವುಗಳಿಂದ ನಂಬರೇ ಬ್ಲಾಕ್ ಆಗಬಹುದು. ಊರಿನವರಿಗೆಲ್ಲ ಗೊತ್ತಿರುವ ನಂಬರ್ ಅದು, ಅಲ್ವಾ?

ನನ್ನ ಶೀಟಿನ ಖಾಲಿ ನಕಲು, ಆ ಎಮ್ಮೆ ಹಗ್ಗದ ಸೂತ್ರದ ಸಮೇತ, ರಾತ್ರಿ ಗುಂಪಿಗೆ ಹಾಕುತ್ತೇನೆ. ನಿಮ್ಮ ಕಡೆ ಬೇರೆ ಥರ ಬರೆಯುವ ಪದಗಳಿದ್ದರೆ ಕೆಳಗೆ ಬರೀರಿ, ಸೇರಿಸುತ್ತೇನೆ. ಹಿಂಗಾರಿ ಬಿತ್ತನೆ ಶುರುವಾಗೋದ್ರೊಳಗ ಒಂದು ಟಿಪ್ಪಣಿ ಮಾಡಿ ನೋಡಿ. ಎಲ್ಲಿ ನಿಂತಿತು ಅಂತ ಪರದೆಯ ಫೋಟೊ ಹಾಕಿ. ಕೀ ಮುಚ್ಚಿ ಹಾಕಿರಿ ಮತ್ತೆ.