ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿನ ಮಹಾಧಮನಿ ಕಿರಿದಿರಬಹುದು ಎಂದಿದ್ದಾರೆ, ಹೆರಿಗೆಗೆ ತವರಿಗೆ ಕಳಿಸಬಹುದೇ?

ಕುಮಟಾದಲ್ಲಿ ಮಾಡಿಸಿದ 20 ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಹೃದಯದ ಬಲಭಾಗ ಎಡಕ್ಕಿಂತ ದೊಡ್ಡದಿದೆ, ಮಹಾಧಮನಿಯ (ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳ) ಕಮಾನು ಕಿರಿದಿರಬಹುದು, ಶ್ವಾಸಕೋಶದಿಂದ ಬರುವ ರಕ್ತನಾಳಗಳು ಸ್ಪಷ್ಟವಾಗಿ ಕಾಣಲಿಲ್ಲ ಎಂದು ಬರೆದಿದ್ದಾರೆ. ಹೆಂಡತಿಯನ್ನು ಹೆರಿಗೆಗೆ ಸಿದ್ದಾಪುರದ ತವರಿಗೆ ಕಳಿಸಬಹುದೇ ಎಂದು ಕೇಳಿದ್ದೀರಿ. ಈ ಸಲ ಬೇಡ. ಬಾಣಂತನ ತವರಲ್ಲೇ ಆಗಲಿ, ಹೆರಿಗೆ ಮಾತ್ರ ಮಕ್ಕಳ ಹೃದಯ ತಜ್ಞರಿರುವ ಕಡೆ ಆಗಲಿ.

ಮೊದಲು ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ವಿಶೇಷ ಸ್ಕ್ಯಾನ್, ಮಾಡಿಸಿ, 24 ವಾರದ ಒಳಗೆ ಆದರೆ ಒಳ್ಳೆಯದು. ಹೊಟ್ಟೆಯಲ್ಲಿರುವಾಗ ಕಮಾನಿನ ಕಿರಿದನ್ನು ಖಚಿತವಾಗಿ ಹೇಳುವುದು ತಜ್ಞರಿಗೂ ಕಷ್ಟ. ಅನುಮಾನ ಬಂದ ಎಷ್ಟೋ ಮಕ್ಕಳಲ್ಲಿ ಹುಟ್ಟಿದ ಮೇಲೆ ಏನೂ ಇರುವುದಿಲ್ಲ. ಹಾಗಾಗಿ ವರದಿ ನೋಡಿ ಈಗಲೇ ಎದೆಗುಂದಬೇಡಿ.

ಅಪಾಯ ಇರುವುದು ಹುಟ್ಟಿದ ಮೊದಲ ವಾರದಲ್ಲಿ. ಗರ್ಭದಲ್ಲಿ ಶ್ವಾಸಕೋಶದ ಧಮನಿಯನ್ನೂ ಮಹಾಧಮನಿಯನ್ನೂ ಸೇರಿಸುವ ಡಕ್ಟಸ್ ಎಂಬ ನಾಳ ಇರುತ್ತದೆ. ಕಮಾನು ಕಿರಿದಿದ್ದರೂ ದೇಹದ ಕೆಳಭಾಗಕ್ಕೆ ರಕ್ತ ಹೋಗುವುದು ಅದರಿಂದ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅದು ಮುಚ್ಚುತ್ತದೆ, ಮಗುವನ್ನು ಮನೆಗೆ ಕಳಿಸುವುದೂ ಸುಮಾರಿಗೆ ಆಗಲೇ. ಕಮಾನು ನಿಜಕ್ಕೂ ಕಿರಿದಿದ್ದರೆ ಆಮೇಲೆ ಮಗು ಹಾಲು ಕುಡಿಯುವುದನ್ನು ಬಿಡುತ್ತದೆ, ಬೆವರುತ್ತದೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತದೆ, ಕಾಲು ತಣ್ಣಗಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇದನ್ನು ಸೋಂಕು ಎಂದುಕೊಂಡು ಆಂಟಿಬಯೋಟಿಕ್ ಕೊಡುತ್ತಾ ಕೂತರೆ ಹೊತ್ತು ಮೀರುತ್ತದೆ.

ಅಕಸ್ಮಾತ್ ಹೆರಿಗೆ ಊರಲ್ಲೇ ಆಗಿಬಿಟ್ಟರೆ, 24 ಗಂಟೆ ಕಳೆದ ಮೇಲೆ ಬಲಗೈ ಮತ್ತು ಒಂದು ಕಾಲಿನಲ್ಲಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಹಾಕಿಸಿ. ಎರಡೂ ಕಡೆ ಶೇಕಡಾ 95 ಅಥವಾ ಹೆಚ್ಚು, ಎರಡರ ನಡುವೆ 3ಕ್ಕಿಂತ ಹೆಚ್ಚು ಅಂತರ ಇಲ್ಲ ಎಂದರೆ ಸರಿ. 90ಕ್ಕಿಂತ ಕೆಳಗಿದ್ದರೆ ಕೂಡಲೇ ಎಕೋ. ಆದರೆ ಕಿರಿದಾದ ಕಮಾನು ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳಬಲ್ಲದು. ಅದಕ್ಕೇ ತೊಡೆಸಂದಿಯ ನಾಡಿ ಎರಡೂ ಕಡೆ ಮುಟ್ಟಿ ನೋಡಲು ವೈದ್ಯರನ್ನು ಬಾಯಿಬಿಟ್ಟು ಕೇಳಿ. ನಿಮ್ಮ ಮಗುವಿಗಂತೂ ಸ್ಕ್ಯಾನ್ ವರದಿ ಹೀಗಿರುವಾಗ ಡಕ್ಟಸ್ ಮುಚ್ಚಿದ ಮೇಲೂ ಕಮಾನು ಸರಿಯಿದೆ ಎಂದು ಎಕೋದಲ್ಲಿ ಕಾಣುವ ತನಕ ಡಿಸ್ಚಾರ್ಜ್ ಒಪ್ಪಬೇಡಿ.

ಡಕ್ಟಸ್ ತೆರೆದಿಡುವ ಔಷಧ ಪ್ರೊಸ್ಟಾಗ್ಲಾಂಡಿನ್. ಮುಚ್ಚುತ್ತಿರುವಾಗ ಕಿಲೋ ತೂಕಕ್ಕೆ ನಿಮಿಷಕ್ಕೆ 0.05ರಿಂದ 0.1 ಮೈಕ್ರೋಗ್ರಾಂ ಡ್ರಿಪ್‌ನಲ್ಲಿ ಶುರುಮಾಡಿ, ತೆರೆದ ಮೇಲೆ ಇಳಿಸುತ್ತಾರೆ. ಇದರಿಂದ ಉಸಿರಾಟ ನಿಂತುಬಿಡಬಹುದು, ವೆಂಟಿಲೇಟರ್ ಮತ್ತು ಅದನ್ನು ಬಲ್ಲವರು ಜೊತೆಗಿಲ್ಲದೆ ಮಗುವನ್ನು ಸಾಗಿಸುವಂತಿಲ್ಲ. ಮಳೆಗಾಲದಲ್ಲಿ ಸಿದ್ದಾಪುರದಿಂದ ಘಟ್ಟ ಇಳಿದು ಬರುವುದನ್ನು ಯೋಚಿಸಿ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಇಂಥ ಮಗುವಿಗೆ ತಾಯಿಯ ಹೊಟ್ಟೆಗಿಂತ ಸುರಕ್ಷಿತ ಆಂಬುಲೆನ್ಸ್ ಇಲ್ಲ, 36–37 ವಾರಕ್ಕೇ ಮಕ್ಕಳ ಹೃದಯ ತಜ್ಞರಿರುವ ಊರಲ್ಲಿ ಕೋಣೆ ಹಿಡಿದು ಉಳಿಯಿರಿ.

ಮಣಿಪಾಲವೋ ಹುಬ್ಬಳ್ಳಿಯೋ ಬೆಂಗಳೂರೋ, ಎಲ್ಲೇ ಆದರೂ ಮುಂಚೆ ಫೋನ್ ಮಾಡಿ: ನವಜಾತ ಶಿಶುವಿಗೆ ಹೃದಯ ಶಸ್ತ್ರಚಿಕಿತ್ಸೆ ಅಲ್ಲೇ ಮಾಡುತ್ತಾರೆಯೇ, ಪ್ರೊಸ್ಟಾಗ್ಲಾಂಡಿನ್ ಫ್ರಿಜ್‌ನಲ್ಲಿ ಇಟ್ಟಿದ್ದಾರೆಯೇ, ರಾತ್ರಿ ಎಕೋ ಮಾಡುವವರು ಇದ್ದಾರೆಯೇ?

ಇನ್ನು ಶ್ವಾಸಕೋಶದ ರಕ್ತನಾಳಗಳು. ನಾಲ್ಕೂ ಎಡ ಹೃತ್ಕರ್ಣಕ್ಕೆ (ಹೃದಯದ ಎಡ ಮೇಲಿನ ಕೋಣೆ) ಸೇರಬೇಕು. ಎಲ್ಲವೂ ಬೇರೆ ದಾರಿಯಿಂದ ಬಲಭಾಗಕ್ಕೆ ಸೇರಿದರೆ ಅದನ್ನು ಟಿಎಪಿವಿಸಿ ಎನ್ನುತ್ತಾರೆ. ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆ) ಕೆಳಗಿಳಿದು ಯಕೃತ್ತಿನ ಕಡೆ ಹೋಗುವ ಬಗೆಯಲ್ಲಿ ಹರಿವಿಗೆ ಸಾಮಾನ್ಯವಾಗಿ ತಡೆ ಇರುತ್ತದೆ. ಮಗು ಹುಟ್ಟಿದ ಕೆಲವೇ ಗಂಟೆಗಳಲ್ಲಿ ನೀಲಿಯಾಗುತ್ತದೆ, ಎಕ್ಸ್‌ರೇಯಲ್ಲಿ ಶ್ವಾಸಕೋಶ ಬೆಳ್ಳಗೆ ಕಂಡು ಶ್ವಾಸಕೋಶದ್ದೇ ಕಾಯಿಲೆ ಎಂದು ಭಾವಿಸುತ್ತಾರೆ. ಇಲ್ಲಿ ಪ್ರೊಸ್ಟಾಗ್ಲಾಂಡಿನ್ ನಂಬುವಂತಿಲ್ಲ, ತುರ್ತು ಶಸ್ತ್ರಚಿಕಿತ್ಸೆಯೇ ದಾರಿ. ತಡೆ ಇಲ್ಲದ ಬಗೆ ನಿಧಾನ: ವಾರಗಟ್ಟಲೆ ಏದುಸಿರು, ತೂಕ ಏರುವುದಿಲ್ಲ. ಫೀಟಲ್ ಎಕೋ ಮಾಡುವವರಿಗೆ ಈ ನಾಳಗಳನ್ನು ಬೇರೆಯಾಗಿಯೇ ನೋಡಿ ಎಂದು ಹೇಳಿ.

ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಜನ್ಮಜಾತ ಹೃದಯ ದೋಷ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ಪಟ್ಟಿಯಲ್ಲೂ ಇದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ತಾಲೂಕು ಆಸ್ಪತ್ರೆಯಲ್ಲಿ ರೆಫರಲ್ ವಿಚಾರ ಈಗಲೇ ಕೇಳಿಡಿ.

ಕಮಾನಿನ ಶಸ್ತ್ರಚಿಕಿತ್ಸೆ ಬೇಕೇ ಆದರೆ, ಕಿರಿದಾದ ತುಂಡು ತೆಗೆದು ತುದಿಗಳನ್ನು ಜೋಡಿಸುತ್ತಾರೆ. ಜೋಡಿಸಿದ ಜಾಗ ಮತ್ತೆ ಕಿರಿದಾಗಬಹುದು, ಆಗ ಬಲೂನಿನಿಂದ ಹಿಗ್ಗಿಸುವುದುಂಟು. ಮುಂದೆ ಪ್ರತಿ ತಪಾಸಣೆಯಲ್ಲೂ ಬಲಗೈ ಮತ್ತು ಕಾಲಿನ ಬಿಪಿ ಎರಡನ್ನೂ ಅಳೆಸಿ, ದೊಡ್ಡವರಾದ ಮೇಲೂ.