ಹೊಸ ತಲೆಯ ಅಚ್ಚು ಅಂಟಂಟಾಗಿ ಉಳಿದ ಬಗ್ಗೆ

ಮಾನ್ಯರೇ,

ಆರು ಅಂಗುಲದ ಆಕ್ಷನ್ ಫಿಗರ್‌ಗೆಂದು ಮಾಡೆಲಿಂಗ್ ಕ್ಲೇಯಲ್ಲಿ ತಿದ್ದಿದ ತಲೆಯ ಮೇಲೆ ಅಚ್ಚಿಗೆಂದು ಸುರಿದ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ನೆರವಿನಿಂದ ರಬ್ಬರಿನಂತೆ ಗಟ್ಟಿಯಾಗುವ ದ್ರವ) ಹೊರಗೆಲ್ಲ ಗಟ್ಟಿಯಾದರೂ ಮುಖಕ್ಕೆ ತಾಗಿದ ಕಡೆ ಮಾತ್ರ ಅಂಟಂಟಾಗಿ ಉಳಿದದ್ದೇಕೆ ಎಂದು ಮಂಡ್ಯದಿಂದ ಕೇಳಿದ್ದೀರಿ. ಈ ಬಗೆಯ ಸಿಲಿಕೋನ್ ಗಟ್ಟಿಯಾಗದಂತೆ ತಡೆಯುವ, ಕ್ಲೇಯಲ್ಲಿರುವ ಗಂಧಕವೇ ಇದಕ್ಕೆ ಕಾರಣವಾಗಿರುವ ಸಂಭವ ಹೆಚ್ಚು. ಬೆರೆಸುವ ಅಳತೆ ತಪ್ಪಿದ್ದರೆ ಇಡೀ ಅಚ್ಚೇ ಮೆತ್ತಗಿರುತ್ತಿತ್ತು. ತವರ ಆಧಾರಿತ ಸಿಲಿಕೋನ್‌ಗೆ ಗಂಧಕದ ತೊಂದರೆ ಇಲ್ಲವಾದ್ದರಿಂದ ಅದನ್ನು ಬಳಸಿ, ಇಲ್ಲವೇ ಗಂಧಕರಹಿತ ಕ್ಲೇಯಲ್ಲಿ ತಲೆಯನ್ನು ಮತ್ತೆ ಮಾಡಿ.

ಮೈಸೂರಿನ ದಸರಾ ಗೊಂಬೆಗಳಿಗೆ ಒಗ್ಗುವ ಪ್ಲಾಸ್ಟರ್ ಅಚ್ಚು ಇದಕ್ಕೆ ಸಾಲದೇ ಎಂಬ ನಿಮ್ಮ ಎರಡನೆಯ ಸಂದೇಹ ಸಹಜವೇ. ಆದರೆ ಹಸಿ ಜೇಡಿಮಣ್ಣು ಒಣಗುವಾಗ ಕುಗ್ಗಿ ಅಚ್ಚನ್ನು ಬಿಡುತ್ತದೆ. ತಲೆಯನ್ನು ಎರಕ ಹೊಯ್ಯುವ ರೆಸಿನ್ (ದ್ರವ ಪ್ಲಾಸ್ಟಿಕ್) ಗಟ್ಟಿಯಾದ ಮೇಲೆ ಹಾಗಲ್ಲ, ಕಿವಿಯ ಹಿಂಬದಿ, ಹೊಳ್ಳೆಗಳಂಥ ಒಳಸರಿದ ಜಾಗಗಳಲ್ಲಿ ಅದು ಬಗ್ಗದ ಪ್ಲಾಸ್ಟರಿಗೆ ಸಿಕ್ಕಿಕೊಳ್ಳುತ್ತದೆ.

ಸಿಲಿಕೋನ್‌ನ ಮೊದಲ ಪದರವನ್ನು ಸಣ್ಣ ಕುಂಚದಿಂದ ಕಣ್ಣು, ತುಟಿಗಳ ಸಂದಿಗೆ ಹಚ್ಚಿ, ಉಳಿದುದನ್ನು ತಲೆಯನ್ನಿಟ್ಟ ಡಬ್ಬಿಯ ಒಂದು ಮೂಲೆಗೆ ಎತ್ತರದಿಂದ ಸಣ್ಣ ಧಾರೆಯಾಗಿ ಸುರಿದರೆ ಗುಳ್ಳೆಗಳು ಬಹುಪಾಲು ಒಡೆಯುತ್ತವೆ. ಪಾಲಿಯುರೆಥೇನ್ ರೆಸಿನ್‌ಗೆ ತೇವ ತಗುಲಿದರೆ ನೊರೆಗಟ್ಟುವುದರಿಂದ ಮಳೆಗಾಲದಲ್ಲಿ ರೆಸಿನ್ ಡಬ್ಬಿಯನ್ನು ತೆರೆದಿಡಬೇಡಿ. ಕತ್ತಿನ ಕುಳಿಯನ್ನು ಅಚ್ಚಿನಲ್ಲೇ ತರುವ ಹಟವೂ ಬೇಡ, ಎರಕವಾದ ಮೇಲೆ ಮಾಸ್ಕ್ ಧರಿಸಿ ಕೈ ಡ್ರಿಲ್‌ನಿಂದ ಸ್ವಲ್ಪಸ್ವಲ್ಪವೇ ಕೊರೆಯಿರಿ.