ಥಾರ್ ದೇವರೋ, ಅನ್ಯಗ್ರಹದವನೋ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ವಿಜ್ಞಾನ ಕಥಾಸಾಹಿತ್ಯವನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಉತ್ತರ ಯುರೋಪಿನ ಜನ ಒಂದು ಕಾಲಕ್ಕೆ ಪೂಜಿಸುತ್ತಿದ್ದ ಥಾರ್, ಓಡಿನ್ ಮೊದಲಾದ ದೇವತೆಗಳ ಹೆಸರನ್ನು ಅನ್ಯಗ್ರಹವಾಸಿಗಳಿಗೆ ಇಡುವುದು ಪುರಾಣಕ್ಕೆ ಎಸಗುವ ಅಪಚಾರವೆಂದು ತಾವು ಆಕ್ಷೇಪಿಸಿದ್ದೀರಿ. ಅದೇ ಪುರಾಣದ ಕಪಟಿ ಲೋಕಿಯು ಥಾರನ ತಮ್ಮನೆಂಬುದು ಮೂಲದಲ್ಲೇ ಇದೆಯೇ ಎಂದೂ ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ ಚಿಕ್ಕದು: ಇಲ್ಲ. ಐಸ್‌ಲ್ಯಾಂಡಿನ ಹಳೆಯ ಕಾವ್ಯಗಳಲ್ಲಿ ಲೋಕಿ ಥಾರನ ತಂದೆಯಾದ ಓಡಿನ್‌ನೊಂದಿಗೆ ರಕ್ತ ಬೆರೆಸಿ ಸೋದರತ್ವ ಬೆಳೆಸಿಕೊಂಡವನು. ಆ ಲೆಕ್ಕದಲ್ಲಿ ಥಾರನಿಗೆ ಚಿಕ್ಕಪ್ಪನಾಗಬೇಕು. ಅಣ್ಣತಮ್ಮಂದಿರೆಂಬ ನಂಟು 1962ರಿಂದೀಚೆಗೆ ಅಮೆರಿಕದ ಚಿತ್ರಕಥಾ ಪ್ರಕಾಶನ ಮಾರ್ವೆಲ್ ಕಾಮಿಕ್ಸ್ ಕಟ್ಟಿದ್ದು.

ಮೊದಲ ಆಕ್ಷೇಪವನ್ನು ಮಾತ್ರ ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಈ ಕಥೆಗಳನ್ನು ಗದ್ಯದಲ್ಲಿ ಹೆಣೆದು ಉಳಿಸಿಕೊಟ್ಟ ಸ್ನೋರಿ ಸ್ಟುರ್ಲುಸನ್ ಬರೆದದ್ದು 1220ರ ಸುಮಾರಿಗೆ; ಅಷ್ಟರಲ್ಲಿ ಐಸ್‌ಲ್ಯಾಂಡ್ ಕ್ರೈಸ್ತ ಮತಕ್ಕೆ ಸೇರಿ ಎರಡು ಶತಮಾನಗಳೇ ಕಳೆದಿದ್ದವು. ಹಳೆಯ ಕಾವ್ಯದ ಒಗಟಿನಂಥ ಪ್ರಯೋಗಗಳು ಎಳೆಯ ಕವಿಗಳಿಗೆ ಅರ್ಥವಾಗಬೇಕಾದರೆ ದೇವತೆಗಳ ಕಥೆ ಗೊತ್ತಿರಲೇಬೇಕು, ಆದರೆ ಅವರನ್ನು ದೇವರೆಂದು ನಂಬುವಂತಿಲ್ಲ. ಈ ಇಕ್ಕಟ್ಟಿಗೆ ‘ಗದ್ಯ ಎಡ್ಡಾ’ ಎಂಬ ಅವನ ಕೃತಿಯ ಪೀಠಿಕೆ ಕಂಡುಕೊಂಡ ದಾರಿ ಹೀಗಿದೆ: ಥಾರ್ ಗ್ರೀಕ್ ಪುರಾಣದ ಟ್ರಾಯ್ ನಗರದ ಅರಸ ಪ್ರಯಾಮನ ಮೊಮ್ಮಗ, ಅವನ ವಂಶದ ಓಡಿನ್ ತನ್ನವರೊಂದಿಗೆ ಉತ್ತರಕ್ಕೆ ವಲಸೆ ಬಂದಾಗ ಅವರ ವೈಭವವನ್ನು ಕಂಡ ಜನ ಅವರನ್ನು ದೇವತೆಗಳಂತೆ ಬಗೆದರು. 1997ರಲ್ಲಿ ಆರಂಭವಾದ ಸ್ಟಾರ್‌ಗೇಟ್ ಎಸ್‌ಜಿ-1 ಎಂಬ ಟಿವಿ ವಿಜ್ಞಾನ ಧಾರಾವಾಹಿಯಲ್ಲೂ ಇದೇ ದಾರಿ: ಅಲ್ಲಿ ಅಸ್ಗಾರ್ಡ್ ಎಂಬುದು ದೇವಲೋಕವಲ್ಲ, ಒಂದು ಅನ್ಯಗ್ರಹ ಜನಾಂಗ. ಥಾರ್ ಅದರ ಪುಟ್ಟ ಮೈಯ, ಬೂದು ಬಣ್ಣದ ಸೇನಾಧಿಪತಿ. ಟ್ರಾಯ್ ಇದ್ದಲ್ಲಿ ದೂರದ ಗೆಲಾಕ್ಸಿಯೊಂದು ಬಂದಿದೆಯೇ ಹೊರತು ತರ್ಕ ಬದಲಾಗಿಲ್ಲ.

ನನಗೆ ಬೇಸರ ತರಿಸುವುದು ಬೇರೆಯೇ ಒಂದು ಬದಲಾವಣೆ. ಕಾಮಿಕ್ಸಿನಲ್ಲಿ ಥಾರನ ಸುತ್ತಿಗೆಯನ್ನು ಯೋಗ್ಯನಾದವನಲ್ಲದೆ ಬೇರೆ ಯಾರೂ ಎತ್ತಲಾರರು. ಹಳೆಯ ಕಾವ್ಯದಲ್ಲಿ ಇಂಥ ಕಟ್ಟಳೆಯೇ ಇಲ್ಲ. ಥ್ರಿಮ್ ಎಂಬ ದೈತ್ಯ ಅದನ್ನು ಕದ್ದು ನೆಲದಾಳದಲ್ಲಿ ಬಚ್ಚಿಟ್ಟು, ಫ್ರೇಯಾ ದೇವಿಯನ್ನು ತನಗೆ ಮದುವೆ ಮಾಡಿಕೊಟ್ಟರಷ್ಟೇ ಹಿಂದಿರುಗಿಸುತ್ತೇನೆಂದು ಹಟ ಹಿಡಿಯುತ್ತಾನೆ. ಕೊನೆಗೆ ಥಾರನೇ ಮದುವಣಗಿತ್ತಿಯ ವೇಷ ತೊಟ್ಟು, ದಾಸಿಯ ವೇಷದ ಲೋಕಿಯೊಂದಿಗೆ ಹೊರಡುತ್ತಾನೆ. ಮದುವೆಯ ಊಟದಲ್ಲಿ ‘ವಧು’ ಒಂದು ಇಡೀ ಎತ್ತನ್ನೂ ಎಂಟು ಸಾಲ್ಮನ್ ಮೀನುಗಳನ್ನೂ ಮುಗಿಸಿದ್ದನ್ನು ಕಂಡು ಬೆಪ್ಪಾದ ಮದುಮಗನಿಗೆ, ಇಲ್ಲಿಗೆ ಬರುವ ಹಂಬಲದಲ್ಲಿ ಅವಳು ಎಂಟು ರಾತ್ರಿ ಏನೂ ತಿಂದಿಲ್ಲವೆಂದು ಲೋಕಿ ಸಮಜಾಯಿಷಿ ಹೇಳುತ್ತಾನೆ. ವಧುವನ್ನು ಹರಸಲೆಂದು ಸುತ್ತಿಗೆಯನ್ನು ತರಿಸಿ ಮಡಿಲಲ್ಲಿಟ್ಟದ್ದೇ ತಡ, ಥಾರ್ ಅದನ್ನೆತ್ತಿ ದೈತ್ಯರ ಬಳಗವನ್ನೆಲ್ಲ ಹೊಡೆದುರುಳಿಸುತ್ತಾನೆ.

ದೇವರೊಂದಿಗೆ ಇಷ್ಟು ಸಲಿಗೆಯಿಂದಿದ್ದ ಕಾವ್ಯಕ್ಕೆ ಬೂದು ಬಣ್ಣದ ಥಾರನಿಂದ ಅಪಚಾರವಾದೀತೆಂದು ನನಗೆ ಅನ್ನಿಸುವುದಿಲ್ಲ. ಆದರೆ ಸುತ್ತಿಗೆಗೆ ಯೋಗ್ಯತೆಯ ಬೀಗ ಜಡಿದ ಮೇಲೆ ಅದನ್ನು ಕದಿಯುವುದೂ ಇಲ್ಲ, ಥಾರ್ ಸೀರೆ-ಸೆರಗಿನ ಪಾಡು ಪಡುವುದೂ ಇಲ್ಲ. ತಮ್ಮ ಆಕ್ಷೇಪವನ್ನು ಅತ್ತ ತಿರುಗಿಸುವುದಾದರೆ ನಾನೂ ದನಿಗೂಡಿಸುತ್ತೇನೆ.

ಸಂಪಾದಕ